ನಾಲಂದೆಯ ಆಚಾರ್ಯಮಂಡಲ

ವಿದ್ಯಾಪೀಠದ ಹಿರಿಮೆಯು ಅದರ ಸೌಧಗಳಿಂದಲೋ, ವಿದ್ಯಾರ್ಥಿಗಳ ಸಂಖ್ಯೆಯಿಂದಲೋ, ಇಲ್ಲವೆ ಅಲ್ಲಿ ಪಾಠ ಹೇಳುವ ಗುರುಗಳಿಂದಲೋ ಎಂಬ ಪ್ರಶ್ನೆಯು ಬಹು ಹಳೆಯದು. ಇದನ್ನು ವಿಚಾರಿಸುವದಕ್ಕೆ ಮಗಧದೇಶದ ನಾಲಂದೆಗಿಂತ ಉತ್ತಮವಾದ ನಿದರ್ಶನವು ನಮ್ಮ ಇತಿಹಾಸದಲ್ಲಿ ದುರ್ಲಭ. ಐದನೆಯ ಶತಮಾನದಲ್ಲಿ ಕುಮಾರಗುಪ್ತನ ಕಾಲಕ್ಕೆ ಅಂಕುರಿಸಿದ ಈ ಮಹಾವಿಹಾರವು ಏಳುನೂರು ವರ್ಷಗಳಷ್ಟು ಕಾಲ ಜ್ಞಾನದಾಸೋಹವನ್ನು ನಡೆಯಿಸಿ, ಕ್ರಿ. ಶ. 1200ರ ಸುಮಾರಿಗೆ ಹಾಳಾಯಿತು.

ಅಲ್ಲಿಯ ಆಚಾರ್ಯರ ಯೋಗ್ಯತೆಯನ್ನು ನಮಗೆ ಮುಖ್ಯವಾಗಿ ತಿಳಿಸುವವು ಇಬ್ಬರು ಚೀನೀ ಯಾತ್ರಿಕರ ವೃತ್ತಾಂತಗಳು. ಹ್ಯೂಯೆನ್‌ತ್ಸಾಂಗನು ಕ್ರಿ. ಶ. 637ರ ಸುಮಾರಿಗೆ ಅಲ್ಲಿಗೆ ಬಂದನು. ಇತ್ಸಿಂಗನು ಅದೇ ಶತಮಾನದ ಕೊನೆಯ ಭಾಗದಲ್ಲಿ ಸುಮಾರು ಹತ್ತು ವರ್ಷ ಅಲ್ಲಿ ವಾಸಿಸಿದನು. ಹ್ಯೂಯೆನ್‌ತ್ಸಾಂಗನ ಚರಿತ್ರೆಯನ್ನು ಬರೆದ ಶಿಷ್ಯ ಹುಯಿಲಿಯು, ಪಂಡಿತರನ್ನು ತೂಗಿ ನೋಡಿದಂತೆ ಒಂದು ಲೆಕ್ಕವನ್ನು ಕೊಟ್ಟಿರುವನು. ಸೂತ್ರಶಾಸ್ತ್ರಗಳ 20 ಗ್ರಂಥಸಮುದಾಯಗಳನ್ನು ವಿವರಿಸಬಲ್ಲವರು 1000 ಜನ. 30ನ್ನು ವಿವರಿಸಬಲ್ಲವರು 500 ಜನ. 50ನ್ನು ಬಲ್ಲವರು ಹತ್ತೇ ಜನ. ಸಮಸ್ತವನ್ನೂ ಬಲ್ಲವರು ಶೀಲಭದ್ರಾಚಾರ್ಯರೊಬ್ಬರೇ. ಪ್ರತಿದಿನ ಸುಮಾರು ನೂರು ಪೀಠಗಳಲ್ಲಿ ವ್ಯಾಖ್ಯಾನ ನಡೆಯುತ್ತಿದ್ದಿತೆಂದೂ ಅವನು ಹೇಳುವನು.

ಈ ಅಂಕಿಗಳನ್ನು ಕೂಡಿಸಿ, ನಾಲಂದೆಯಲ್ಲಿ 1510 ಅಧ್ಯಾಪಕರಿದ್ದರೆಂದು ಅನೇಕ ಪುಸ್ತಕಗಳಲ್ಲಿ ಬರೆದಿರುವದುಂಟು. ಆದರೆ ಇದು ವಿವೇಚನೆಗೆ ನಿಲ್ಲತಕ್ಕ ಮಾತಲ್ಲ. ಹುಯಿಲಿಯು ಎಣಿಸಿದ್ದು ವಿದ್ವತ್ತೆಯ ಮೆಟ್ಟಿಲುಗಳನ್ನೇ ಹೊರತು ಅಧ್ಯಾಪಕರ ಹುದ್ದೆಗಳನ್ನಲ್ಲ. ಮೇಲಾಗಿ ಆ ಹತ್ತು ಜನರಲ್ಲಿ ವಿದ್ಯಾರ್ಥಿಯಾಗಿ ಬಂದ ತನ್ನ ಗುರುವನ್ನೂ ಅವನು ಸೇರಿಸಿರುವನು; ಶಿಷ್ಯನ ಅಭಿಮಾನವನ್ನು ಇಲ್ಲಿ ಮರೆಯಲಾಗದು. ನಿವಾಸಿಗಳು ಹತ್ತು ಸಾವಿರವೆಂದು ಹುಯಿಲಿ ಹೇಳಿದರೆ, ಇತ್ಸಿಂಗನು ಮೂರು ಸಾವಿರಕ್ಕೆ ಮೇಲೆಂದು ಮಾತ್ರ ಹೇಳುವನು. ಆದುದರಿಂದ ಸಂಖ್ಯೆಗಿಂತ ಆ ಮಂಡಲದ ರಚನೆಯೇ ನಮಗೆ ಹೆಚ್ಚಿನ ಪಾಠವನ್ನು ಕಲಿಸುವದು.

ಮೊದಲನೆಯದಾಗಿ, ಆಚಾರ್ಯರು ಒಂದೇ ಸೀಮೆಯವರಾಗಿರಲಿಲ್ಲ. ಧರ್ಮಪಾಲರು ದಕ್ಷಿಣದ ಕಾಂಚಿಯವರು. ಅವರ ಶಿಷ್ಯರಾದ ಶೀಲಭದ್ರರು ಪೂರ್ವದ ಸಮತಟದ ರಾಜವಂಶದಲ್ಲಿ ಹುಟ್ಟಿದವರು. ಎರಡನೆಯದಾಗಿ, ಅವರೆಲ್ಲರೂ ಒಂದೇ ಮತವನ್ನು ಹಿಡಿದವರಲ್ಲ. ಶೀಲಭದ್ರರು ಯೋಗಾಚಾರವನ್ನು ಬೋಧಿಸುತ್ತಿರಲು, ಅದೇ ವಿಹಾರದಲ್ಲಿ ಸಿಂಹರಶ್ಮಿಯೆಂಬ ಪಂಡಿತನು ಮಾಧ್ಯಮಿಕ ಪಕ್ಷವನ್ನು ಹಿಡಿದು ಅದನ್ನು ಖಂಡಿಸುತ್ತಿದ್ದನು. ಅವನ ಬಾಯನ್ನು ಕಟ್ಟುವ ಬದಲು ವಾದವನ್ನು ವಾದದಿಂದಲೇ ಎದುರಿಸಿದರು. ಹ್ಯೂಯೆನ್‌ತ್ಸಾಂಗನು ಎರಡು ಮತಗಳನ್ನೂ ಸಮನ್ವಯಗೊಳಿಸಿ ಒಂದು ಗ್ರಂಥವನ್ನೇ ರಚಿಸಿದನು. ಮೂರನೆಯದಾಗಿ, ಬೌದ್ಧಶಾಸ್ತ್ರಗಳೊಡನೆ ವೇದ, ತರ್ಕ, ವ್ಯಾಕರಣ, ವೈದ್ಯ, ಸಾಂಖ್ಯಗಳೂ ಅಲ್ಲಿ ಅಭ್ಯಾಸಕ್ಕಿದ್ದವು. ಹೊರಗಿನಿಂದ ವಾದಕ್ಕೆ ಬಂದವರನ್ನು ಬಾಗಿಲಲ್ಲಿಯೇ ಪ್ರಶ್ನಿಸುತ್ತಿದ್ದರು. ಹತ್ತರಲ್ಲಿ ಏಳೆಂಟು ಮಂದಿ ಉತ್ತರಿಸಲಾರದೆ ಹಿಂದಿರುಗುತ್ತಿದ್ದರು.

ಹಾಗಾದರೆ ವಿದ್ಯೆಯೆಲ್ಲವೂ ಆ ಗೋಡೆಗಳೊಳಗೇ ಇದ್ದಿತೆ? ಇಲ್ಲ. ನಾಲಂದೆಯಲ್ಲಿ ಐದು ವರ್ಷ ಕಲಿತ ಹ್ಯೂಯೆನ್‌ತ್ಸಾಂಗನೇ, ಮುಂದೆ ಜಯಸೇನನೆಂಬ ಕ್ಷತ್ರಿಯ ಗೃಹಸ್ಥನ ಬಳಿಯಲ್ಲಿ ಸುಮಾರು ಎರಡು ವರ್ಷ ಶಿಷ್ಯವೃತ್ತಿಯನ್ನು ಮಾಡಿದನು. ಈ ಜಯಸೇನನು ರಾಜರು ನೀಡಬಂದ ಮಾನ್ಯಗಳನ್ನು ನಿರಾಕರಿಸಿ ವನದಲ್ಲಿದ್ದು ಪಾಠ ಹೇಳುತ್ತಿದ್ದವನು. ಎಷ್ಟು ದೊಡ್ಡ ಪೀಠವಾದರೂ ತನ್ನ ಹೊರಗಿನ ಜ್ಞಾನಿಗೆ ತಲೆವಾಗಬೇಕೆಂಬದಕ್ಕೆ ಇದೇ ಸಾಕ್ಷಿ.

ಗುರುವಿನ ಯೋಗ್ಯತೆಗೆ ಕೊನೆಯ ಒರೆಗಲ್ಲು ಪಾಂಡಿತ್ಯವೂ ಅಲ್ಲ, ನಡತೆ. ಶೀಲಭದ್ರರು ಮೂವತ್ತನೆಯ ವಯಸ್ಸಿನಲ್ಲಿ ತಮ್ಮ ಗುರುವಿಗೆ ಬದಲಾಗಿ ದಕ್ಷಿಣದ ವಾದಿಯೊಬ್ಬನನ್ನು ಜಯಿಸಿದಾಗ, ಅರಸನು ಮೆಚ್ಚಿ ಒಂದು ಊರನ್ನೇ ಕೊಡಬಂದನು. ಕಾಷಾಯವನ್ನುಟ್ಟವನಿಗೆ ಊರೇತಕ್ಕೆಂದು ಅವರು ಒಲ್ಲೆನೆಂದರು. ಅರಸನು ಬಿಡದಿರಲು ಅದನ್ನು ಸ್ವೀಕರಿಸಿ, ಅಲ್ಲಿ ವಿಹಾರವನ್ನು ಕಟ್ಟಿಸಿ, ಊರಿನ ಉತ್ಪನ್ನವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟರು.

ಇಂದು ನಾಲಂದೆಯಲ್ಲಿ ಉಳಿದಿರುವವು ಇಟ್ಟಿಗೆಯ ಅಡಿಪಾಯಗಳು. ಆ ಪೀಠಗಳನ್ನು ಕಟ್ಟಿದ ಕಲ್ಕುಟಿಗರ ಹೆಸರಾಗಲಿ, ಅಲ್ಲಿ ಉಂಡವರ ಲೆಕ್ಕವಾಗಲಿ ಉಳಿಯಲಿಲ್ಲ. ಉಳಿದದ್ದು ಆಚಾರ್ಯರ ಹೆಸರು. ಮಹೋತ್ಸವದ ಈ ಶುಭಸಮಯದಲ್ಲಿ ವಿದ್ಯಾದಾನಕ್ಕೆ ಕೈಯೆತ್ತಿ ಕೊಡುವ ಭಕ್ತಮಹಾಶಯರು, ಕಟ್ಟಡಕ್ಕೆ ಮುಂಚೆ ಗುರುವನ್ನು ಅರಸಬೇಕೆಂಬದೇ ಈ ಚರಿತ್ರೆಯ ಸಾರವು.