ಹಗೇವಿನ ಲೆಕ್ಕ

ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಮನೆಗೆ ಪಾಯ ತೋಡುವಾಗ ನೆಲ ಕುಸಿದು, ಗುಡಾಣದ ಆಕಾರದ ಗುಂಡಿಯೊಂದು ಬಾಯಿ ತೆರೆಯುವುದುಂಟು. ನಿಧಿಯೆಂದು ಹುಡುಗರು ಓಡಿಬಂದರೆ ಹಿರಿಯರು ನಗುತ್ತಾರೆ. ಅದು ಹಗೇವು, ಬರದ ವರ್ಷಕ್ಕೆಂದು ರಾಗಿಯನ್ನು ಹೂಳಿಡುತ್ತಿದ್ದ ಜಾಗ. ನಿಧಿಯೆಂಬ ಮಾತೂ ಪೂರ್ತಿ ಸುಳ್ಳಲ್ಲ.

ನೀರು ನಿಲ್ಲದ ಎತ್ತರದ ಗಟ್ಟಿ ನೆಲವನ್ನು ಆರಿಸಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡುವರು. ಒಳಗೆ ಸುತ್ತಲೂ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವರು. ರಾಗಿಯ ಪುಟ್ಟ ಕಾಳಿಗೆ ಹುಳು ಸುಲಭವಾಗಿ ಬೀಳದು. ವರ್ಷಗಟ್ಟಲೆ ಕೆಡದೆ ಉಳಿಯುವುದು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ರಾಗಿಗೆ ಗೆಲುವು ಕೊಟ್ಟರಷ್ಟೆ. ಅದನ್ನು ಬರಿಯ ಕವಿಕಲ್ಪನೆ ಎನ್ನುವವರು ಒಮ್ಮೆ ಹಗೇವನ್ನು ನೆನೆಯಬೇಕು. ಉತ್ತರದ ಎರೆನಾಡಿನಲ್ಲಿ ಇದೇ ಕ್ರಮ ಜೋಳಕ್ಕೆ ಬಂತು. ಮಳೆ ಹೆಚ್ಚಾದ ಕರಾವಳಿಯಲ್ಲಿ ನೆಲವನ್ನು ನಂಬುವಂತಿರಲಿಲ್ಲ. ಅಲ್ಲಿ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮುಡಿಗಳು ಅಟ್ಟ ಸೇರಿದವು.

ಎಷ್ಟು ಇಡಬೇಕೆಂಬುದನ್ನು ಮನೆಯೇ ನಿರ್ಧರಿಸುತ್ತಿತ್ತು. ಕಣದಲ್ಲಿ ಆಯಗಾರರ ಪಾಲು ಕೊಟ್ಟು, ಕಂದಾಯಕ್ಕೆ ಮಾರಿ, ಬೀಜವನ್ನು ಬೇರೆ ತೆಗೆದ ಮೇಲೆ ಯಜಮಾನನ ಲೆಕ್ಕ ಮೊದಲು. ಆಗಾಗಿನ ಖರ್ಚಿಗೆ ಗುಡಾಣ, ವರ್ಷದ ಊಟಕ್ಕೆ ಕಣಜ ಅಥವಾ ವಾಡೆ, ಕೆಟ್ಟ ಕಾಲಕ್ಕೆ ಹಗೇವು. ಬರಿಯ ತಲೆ ಎಣಿಸಿದರೆ ಸಾಲದು. ಏರು ಹೊಡೆಯುವ ಇಬ್ಬರು ಮಕ್ಕಳು ಉಣ್ಣುವ ಮುದ್ದೆ ಬೇರೆ, ಹಲ್ಲು ಬಿದ್ದ ಅಜ್ಜಿಯ ಅಂಬಲಿ ಬೇರೆ. ಬಾಣಂತನಕ್ಕೆ ಬರುವ ಮಗಳು, ಕಾಳಿನ ಕೂಲಿಗೆ ದುಡಿಯುವ ಆಳು, ಹಬ್ಬಕ್ಕೆ ಬಂದು ಹದಿನೈದು ದಿನ ನಿಲ್ಲುವ ಬೀಗರು, ಎಲ್ಲರೂ ಆ ಖಂಡುಗ ಕೊಳಗಗಳೊಳಗೆ ಸೇರಬೇಕು. ತೊಗರಿ, ಅವರೆಗಳು ಹಗೇವಿಗೆ ಒಗ್ಗುವಂಥವಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಮಡಕೆಯಲ್ಲಿಡುವುದು ಹೆಂಗಸರ ಪಾಲಿನ ಕೆಲಸ. ಆ ವಿದ್ಯೆಗೂ ಈ ವಿದ್ಯೆಯಷ್ಟೇ ಗೌರವ ಸಲ್ಲಬೇಕಿತ್ತು.

ಹಗೇವನ್ನು ತೆರೆಯುವುದು ಮಾತ್ರ ಅಪಾಯದ ಕೆಲಸ. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುವನ್ನು ಕೊಂದು ರಾಗಿಯನ್ನು ಉಳಿಸುವ ಆ ಗಾಳಿಯೇ ಅವಸರದಿಂದ ಇಳಿದವನ ಪ್ರಾಣವನ್ನೂ ತೆಗೆಯಬಲ್ಲದು. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಇಷ್ಟಿದ್ದೂ ಧಾತು ಈಶ್ವರದ ಬರದಲ್ಲಿ ನಾಡು ಏಕೆ ಸತ್ತಿತು? 1875ರಲ್ಲಿಯೇ ಮಳೆ ಸರಿಯಾಗಿ ಬರಲಿಲ್ಲ. ಕೂಡಿಟ್ಟ ಕಾಳಿಗೆ ಆಗಲೇ ಕೈ ಬಿತ್ತು. 1876ರಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಆಗ ಮೈಸೂರು ಬ್ರಿಟಿಷ್ ಕಮೀಷನರ ಆಡಳಿತದಲ್ಲಿತ್ತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ತುಸು ಕೆಳಗಿಳಿಯಿತು. ಹಗೇವು ಒಂದು ಕೆಟ್ಟ ವರ್ಷವನ್ನು ದಾಟಿಸುವ ಉಪಾಯ. ಬೆನ್ನಿಗೆ ಬೆನ್ನು ಕೊಟ್ಟು ಬಂದ ವರ್ಷಗಳನ್ನು ದಾಟಿಸಲು ಎಲ್ಲ ಮನೆಯ ಹಗೇವಿಗೂ ಆಗುವಂತಿರಲಿಲ್ಲ. ಇನ್ನೂ ದೊಡ್ಡ ಮಾತೆಂದರೆ, ಹೂಳಲು ರಾಗಿ ಬೇಕು, ರಾಗಿ ಬೆಳೆಯಲು ಹೊಲ ಬೇಕು. ಸತ್ತವರಲ್ಲಿ ಹೆಚ್ಚಿನವರು ಹೊಲವಿಲ್ಲದ ಕೂಲಿಗಳು, ತುಂಡು ಹೊಲದ ಬಡವರು, ಬಟ್ಟೆ ಕೊಳ್ಳುವವರಿಲ್ಲದ ನೇಕಾರರು. ಒಡೆಯನ ಹಗೇವಿನ ಲೆಕ್ಕದಲ್ಲಿ ಕೂಲಿಯವನ ಪಾಲು ಇತ್ತು ನಿಜ. ಆದರೆ ಬಿತ್ತನೆಯೇ ಇಲ್ಲದ ವರ್ಷ ಕೂಲಿಯೆಲ್ಲಿ, ಕಾಳೆಲ್ಲಿ? ಅವನ ಗುಡಿಸಲಿನಲ್ಲಿದ್ದುದು ಒಂದು ಮಡಕೆ. ಅದು ದಿನವೂ ಸಂಜೆಗೆ ಬರಿದಾಗುತ್ತಿತ್ತು.