ಮನ್ಸೂರ್ ಕಂಡ ಬಿಳಿ ಕ್ರೌಂಚ

ಕಳೆದ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯ ಮೇಲೆ ಕೂತು ವಲಸೆ ಬಂದ ಪಟ್ಟೆತಲೆ ಹೆಬ್ಬಾತಿನ ಚಿತ್ರ ಬಿಡಿಸಲು ಹೋಗಿ ಸೋತೆ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಮೂಡಿಸುವಷ್ಟರಲ್ಲಿ ಹಕ್ಕಿ ಕತ್ತು ತಿರುಗಿಸುತ್ತಿತ್ತು. ರೆಕ್ಕೆಯ ಬೂದುಬಣ್ಣ ಕಲಸುವಷ್ಟರಲ್ಲಿ ಹಿಂಡೇ ಎದ್ದು ಹೊಲಗಳ ಕಡೆ ಹಾರುತ್ತಿತ್ತು. ಉಸ್ತಾದ್ ಮನ್ಸೂರನ ಸೈಬೀರಿಯನ್ ಕ್ರೌಂಚದ ಚಿತ್ರವನ್ನು ನಾನು ಸರಿಯಾಗಿ ನೋಡಿದ್ದು ಆ ಸೋಲಿನ ನಂತರವೇ.

ಮನ್ಸೂರ್ ಜಹಾಂಗೀರನ ಆಸ್ಥಾನದ ಚಿತ್ರಕಾರ. 'ಯುಗದ ವಿಸ್ಮಯ' ಎಂಬರ್ಥದ 'ನಾದಿರ್-ಉಲ್-ಅಸ್ರ್' ಬಿರುದು ಪಡೆದವನು. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿಯಂಥ ಅಪರೂಪದ ಜೀವಿಗಳು ಬಂದಾಗ ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಒಂದು ಮಾತು ದಾಖಲಿಸಿದ: ಮುತ್ತಜ್ಜ ಬಾಬರ್ ಪ್ರಾಣಿಗಳನ್ನು ವರ್ಣಿಸಿದ್ದ, ಚಿತ್ರ ಬರೆಸಿರಲಿಲ್ಲ, ತಾನು ಎರಡನ್ನೂ ಮಾಡಿಸಿದೆ ಎಂದು. ಸಾಕಿದ ಸಾರಸ ಜೋಡಿ ಸರದಿಯ ಮೇಲೆ ಕಾವು ಕೂರುವುದನ್ನೂ ಆತ ಗಮನಿಸಿ ಬರೆದಿದ್ದಾನೆ. ನಡವಳಿಕೆ ದೊರೆಯ ಲೇಖನಿಗೆ, ಗರಿ-ಬಣ್ಣ ಕಲಾವಿದನ ಕುಂಚಕ್ಕೆ.

ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿರುವ ಆ ಕ್ರೌಂಚದ ಕಾಲಿನ ಚರ್ಮದ ಸುಕ್ಕುಗಳು ಕಾಣುತ್ತವೆ. ಹಿಂಬೆರಳಿನ ಉಗುರಿಗೆ ಅಂಟಿದ ಪುಟ್ಟ ಗರಿಗಳೂ ಕಾಣುತ್ತವೆ. ಪಲ್ಲಾಸ್ ಎಂಬ ವಿಜ್ಞಾನಿ ಈ ಹಕ್ಕಿಯನ್ನು ಶಾಸ್ತ್ರೀಯವಾಗಿ ವಿವರಿಸಿದ್ದು 1773ರಲ್ಲಿ. ಮನ್ಸೂರ್ ಅದನ್ನು ಬರೆದದ್ದು ಅದಕ್ಕೂ ಒಂದೂವರೆ ಶತಮಾನದ ಹಿಂದೆ.

ಆ ಉಗುರಿನ ಗರಿಯೇ ನನ್ನನ್ನು ಕಾಡುವುದು. ಅದು ದೂರದಿಂದ ಕಾಣುವಂಥದ್ದಲ್ಲ. ಹಕ್ಕಿ ಸೆರೆಯಲ್ಲಿದ್ದಿರಬೇಕು ಅಥವಾ ಸತ್ತಿರಬೇಕು ಎಂದು ನನ್ನ ಊಹೆ. ನಿಂತಾಗ ಮಡಚಿದ ರೆಕ್ಕೆಯಲ್ಲಿ ಮರೆಯಾಗುವ ಕಪ್ಪು ಗರಿಗಳು ಹಾರುವಾಗಷ್ಟೇ ಪೂರ್ತಿ ತೆರೆದುಕೊಳ್ಳುತ್ತವೆ. ಆ ಹಾರಾಟ ಚಿತ್ರದಲ್ಲಿಲ್ಲ. ಅದಕ್ಕೆ ಹಕ್ಕಿಯನ್ನೇ ನೋಡಬೇಕು.

ಅದು ಈಗ ಇಲ್ಲಿ ಸಾಧ್ಯವಿಲ್ಲ. 1960ರ ದಶಕದಲ್ಲಿ ರಾಜಸ್ಥಾನದ ಭರತಪುರಕ್ಕೆ ಸುಮಾರು 200 ಸೈಬೀರಿಯನ್ ಕ್ರೌಂಚಗಳು ಬರುತ್ತಿದ್ದವು. ಬರುವ ದಾರಿಯುದ್ದಕ್ಕೂ ಬೇಟೆ, ಬತ್ತಿದ ಜೌಗುಗಳು. 2002ರಲ್ಲಿ ಕೊನೆಯ ಜೋಡಿ ಹೋದ ಮೇಲೆ ಅವು ಅಲ್ಲಿಗೆ ಮರಳಲಿಲ್ಲ. ಚೀನಾದ ಪೊಯಾಂಗ್ ಸರೋವರದಲ್ಲಿ ಚಳಿಗಾಲ ಕಳೆಯುವ ಪೂರ್ವದ ಹಿಂಡುಗಳಷ್ಟೇ ಮುಖ್ಯವಾಗಿ ಉಳಿದಿವೆ.

ಈ ವರ್ಷವೂ ಮಾಗಡಿಗೆ ಹೋಗುತ್ತೇನೆ. ನನ್ನ ಪುಸ್ತಕದಲ್ಲಿ ಅರ್ಧ ತಲೆ, ಒಂದು ರೆಕ್ಕೆ, ಎರಡು ಕಾಲುಗಳಿವೆ. ಈ ಸಲ ಪಕ್ಕದಲ್ಲಿ ದಿನಾಂಕ, ಹಿಂಡಿನ ಲೆಕ್ಕ, ಹಕ್ಕಿಗಳು ಎದ್ದ ಹೊತ್ತು, ಹೋದ ದಿಕ್ಕು ಬರೆದಿಡುತ್ತೇನೆ. ಚಿತ್ರ ಕೈಕೊಟ್ಟರೂ ಅಷ್ಟು ಉಳಿಯಲಿ.