ಬೆಟ್ಟ ಇಳಿಯದ ಗಿಡ

"ಊರಲ್ಲಿ ಅಷ್ಟೊಂದು ಜಾಗ ಇದೆ, ನೀಲಕುರಿಂಜಿ ಹಾಕ್ಬಾರ್ದಾ?" ನಮ್ಮ ಮನೆ ಕುಂಸಿಯಲ್ಲಿ ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳೋ ಪ್ರಶ್ನೆ ಇದು. ಅವರ ಲೆಕ್ಕದಲ್ಲಿ ಮಲೆನಾಡು ಪೂರ್ತಿ ಒಂದೇ: ಮಳೆ, ಮಂಜು, ಚಳಿ. ಆದರೆ ಶಿವಮೊಗ್ಗದಿಂದ ಸಾಗರದ ಕಡೆ ಹೊರಟರೆ ಆಯನೂರು ದಾಟಿದ ಮೇಲೆ ಸಿಗುವ ಕುಂಸಿ ಮಲೆನಾಡಿನ ಬಾಗಿಲು ಅಷ್ಟೇ. ಏಪ್ರಿಲ್‌ನಲ್ಲಿ ಇಲ್ಲಿನ ಬಿಸಿಲು 35 ಡಿಗ್ರಿ ದಾಟುತ್ತೆ. ನೀಲಕುರಿಂಜಿ ಸಾಮಾನ್ಯವಾಗಿ 1300 ಮೀಟರ್‌ಗಿಂತ ಮೇಲೆ, ಗಾಳಿ ಬಡಿಯುವ ಹುಲ್ಲುಗಾವಲಲ್ಲಿ ಬೆಳೆಯುವ ಪೊದೆ. ಹಿಮಾಲಯದಲ್ಲಿ ಮರಗಳೆಲ್ಲ ಮುಗಿದ ಎತ್ತರದಲ್ಲಿ ಬೆಳೆಯುತ್ತವಲ್ಲ, ಅಂಥ ಗಿಡಗಳು ಕರ್ನಾಟಕದಲ್ಲಿಲ್ಲ. ತಂಪು ಬೆಟ್ಟ ಬಿಟ್ಟು ಬರಲೊಪ್ಪದ ನಮ್ಮದೇ ಪೊದೆ ಬೇಕು ಅಂದ್ರೆ ನೀಲಕುರಿಂಜಿಯನ್ನೇ ತೋರಿಸಬೇಕು.

ಹಾಗಾಗಿ ನನ್ನ ಉತ್ತರ ಚಿಕ್ಕದು: ಆಗಲ್ಲ. ಆದರೆ ಆ ಪ್ರಶ್ನೆಯ ಹಿಂದಿರುವ ಆಸೆಗೆ ದೊಡ್ಡ ಇತಿಹಾಸವೇ ಇದೆ. ಅದಕ್ಕೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕೆ ಹೋಗಬೇಕು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಎಲ್ಲ ಇರೋದು ಈ ಸಾಲಿನಲ್ಲೇ.

ಈ ಬೆಟ್ಟಕ್ಕೆ ಹೊರಗಿನಿಂದ ಹತ್ತಿದ ಗಿಡ ಕಾಫಿ. 17ನೇ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಏಳೋ ಎಪ್ಪತ್ತೋ, ಕಾಫಿ ಇಲ್ಲಿಗೆ ಒಗ್ಗಿತು. ಅದು ಕಾಡಿನ ನೆರಳಲ್ಲಿ ಬೆಳೆಯೋ ಪೊದೆ. ನಮ್ಮ ಕಾಡಿನ ಮರಗಳ ನೆರಳೂ ಮಳೆಯೂ ಅದಕ್ಕೆ ಹಿಡಿಸಿತು. ಮಲೆನಾಡಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ಇವತ್ತೂ ಮನೆಖರ್ಚಿಗೆ ನಾಲ್ಕು ಕಾಫಿ ಗಿಡ ಇರ್ತವೆ.

ಬೆಟ್ಟದಿಂದ ಕೆಳಗೆ ಇಳಿದದ್ದು ಕಬ್ಬಿಣ. ಆಗ ಬೆಂಕೀಪುರ ಅಂತಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತರು. ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರಲ್ಲೇ ಇದೆಯಲ್ಲ, ಕೆಂಪು ಮಣ್ಣಿನ ಗುಂಡಿ! ಅಗೆದ ಅದಿರು ರೋಪ್‌ವೇಯಲ್ಲಿ ಬೆಟ್ಟ ಇಳೀತಿತ್ತು. ಅದನ್ನು ಕರಗಿಸೋಕೆ ಕಲ್ಲಿದ್ದಲಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಈ ಕಾರ್ಖಾನೆಯಿಂದ ಊಟ ಕಂಡ ಮನೆಗಳು ನಮ್ಮ ಸುತ್ತಮುತ್ತ ಸಾವಿರಾರು. ಕುಂಸಿಯಲ್ಲೂ ಮ್ಯಾಂಗನೀಸ್ ಗಣಿ ಇತ್ತು. ಹಾಗಾಗಿ ನಾವ್ಯಾರೂ ಸುಲಭವಾಗಿ ಬೆರಳು ತೋರಿಸೋ ಹಾಗಿಲ್ಲ. ಬೆಟ್ಟ ಅಂದ್ರೆ ಕೆಳಗಿನವರು ಬೇಕಾದ್ದನ್ನು ಇಳಿಸಿಕೊಳ್ಳೋ ಜಾಗ ಅನ್ನೋ ಅಭ್ಯಾಸ ನಮಗೆ ಹಳೇದು.

ಇನ್ನು ಅಂದಕ್ಕೆ ಅಂತ ಗಿಡ ಸಾಗಿಸಿದ ಕಥೆ ಬೇಕಾದ್ರೆ ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿಗೆ ಹೋಗಬೇಕು. ಕನ್ನಡಕ್ಕೆ ತೀರಾ ಹತ್ತಿರದ ಮಾತಾಡುವ ಬಡಗರ ಸೀಮೆ ಅದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಆ ಬೆಟ್ಟ ಹತ್ತಿದ. ಆಮೇಲೆ ಬಂದು ನೆಲೆಸಿದ ಬ್ರಿಟಿಷರಿಗೆ ಊಟಿಯ ಚಳಿ ಸ್ವಂತ ಊರನ್ನು ನೆನಪಿಸಿತು. ತಮ್ಮೂರಿನ ಬೇಲಿಗಳಲ್ಲಿ ಹಳದಿ ಹೂ ಬಿಡುತ್ತಿದ್ದ ಗೋರ್ಸ್, ಸ್ಕಾಚ್ ಬ್ರೂಮ್ ಪೊದೆಗಳನ್ನು ತಂದು ನೆಟ್ಟರು. ಚಳಿ ತಡೆಯೋ ಗಿಡಗಳು, ನೋಡೋಕೂ ಚಂದ. ಬೇಲಿಯೊಳಗೆ ಉಳಿದಿದ್ರೆ ತೊಂದರೆ ಇರ್ಲಿಲ್ಲ. ಅವು ಹುಲ್ಲುಗಾವಲಿಗೆ ನುಗ್ಗಿದವು. ಗೋರ್ಸ್ ಬೀಜ ಮಣ್ಣಲ್ಲಿ ದಶಕಗಟ್ಟಲೆ ಜೀವಂತ ಇರುತ್ತೆ. ಕಿತ್ತಷ್ಟೂ ಮತ್ತೆ ಹುಟ್ಟುತ್ತೆ. ಅವು ದಟ್ಟವಾಗಿ ಹಬ್ಬಿದ ಕಡೆ ಅಲ್ಲಿನ ಹುಲ್ಲಿಗೂ ಕುರಿಂಜಿಗೂ ಜಾಗವೇ ಇಲ್ಲ. ಒಬ್ಬರ ಊರಿನ ನೆನಪು ಇನ್ನೊಂದು ಊರನ್ನೇ ಮುಚ್ಚಿಹಾಕಿತು.

ಕುರಿಂಜಿಯ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಮಲೆನಾಡಿನಲ್ಲಿ ಗುರ್ಗಿ ಅಂತ ಕರೆಯೋ ಗಿಡಗಳ ಬಳಗದ್ದೇ ಇದು. ಬೀಜ ಮೊಳೆತ ಮೇಲೆ ಸುಮಾರು 12 ವರ್ಷ ಸುಮ್ಮನೆ ಎಲೆ ಬಿಟ್ಟುಕೊಂಡು ನಿಂತಿರುತ್ತೆ. ಆಮೇಲೆ ಇಡೀ ಇಳಿಜಾರು ಒಟ್ಟಿಗೆ ಹೂ ಬಿಡುತ್ತೆ, ಬೀಜ ಉದುರಿಸುತ್ತೆ, ಸಾಯುತ್ತೆ. ಒಂದೇ ಸಲಕ್ಕೆ ಅಷ್ಟು ಬೀಜ ಬಿದ್ದರೆ ತಿನ್ನೋ ಹುಳು, ಹಕ್ಕಿಗಳೆಲ್ಲ ತಿಂದು ಮುಗಿಸೋಕಾಗಲ್ಲ. ಉಳಿದದ್ದು ಮುಂದಿನ ತಲೆಮಾರು. ಅಂದ್ರೆ ಒಂಟಿ ಕುರಿಂಜಿ ಅನ್ನೋದಕ್ಕೆ ಅರ್ಥವೇ ಇಲ್ಲ, ಸಾವಿರಾರು ಗಿಡಗಳಿರುವ ಬೆಟ್ಟವೇ ಅದರ ಸಂಸಾರ. ಪಾಟಿನಲ್ಲಿಟ್ಟು ಕಾದರೆ, ಬದುಕಿದರೂ, 12 ವರ್ಷಕ್ಕೊಮ್ಮೆ ಹೂ. ಅಷ್ಟರಲ್ಲಿ ನಾವು ನಾಲ್ಕು ಕಂಪನಿ, ಐದು ಬಾಡಿಗೆ ಮನೆ ಬದಲಿಸಿರ್ತೀವಿ.

2022ರಲ್ಲಿ ಚಂದ್ರದ್ರೋಣ ನೀಲಿಯಾದಾಗ ಇಡೀ ರಾಜ್ಯವೇ ಅಲ್ಲಿಗೆ ಗಾಡಿ ತಿರುಗಿಸಿತು. ಫೋಟೋಗೆ ಅಂತ ಹೂವಿನ ಮಧ್ಯೆ ನುಗ್ಗಿದವರು, ಕಿತ್ತು ಕಾರಿನ ಮುಂದೆ ಕಟ್ಟಿಕೊಂಡವರು ಇಲ್ಲದಿರಲಿಲ್ಲ. ಹೂ ಕಿತ್ತರೆ ಬೀಜ ಹೋಯ್ತು. ಬೀಜ ಹೋದರೆ ಮುಂದಿನ ಸಲ ಆ ಜಾಗ ಖಾಲಿ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ ನೀಲಕುರಿಂಜಿ ರಕ್ಷಿತ ಸಸ್ಯಗಳ ಪಟ್ಟಿ ಸೇರಿತು. ಈಗ ಅನುಮತಿ ಇಲ್ಲದೆ ಅದನ್ನು ಕೀಳೋದು, ಇಟ್ಕೊಳ್ಳೋದು, ಮಾರೋದು ಅಪರಾಧ. ಆನ್‌ಲೈನಲ್ಲಿ ಯಾರಾದ್ರೂ ಸಸಿ ಕೊಡ್ತೀನಿ ಅಂದ್ರೆ ಇದು ನೆನಪಿರಲಿ.

ಗಿಡಕ್ಕೆ ರಕ್ಷಣೆ ಅಂದ್ರೆ ಆ ಹುಲ್ಲುಗಾವಲಿಗೂ ರಕ್ಷಣೆ. ಮಳೆಗಾಲದಲ್ಲಿ ನೀರು ಕುಡಿದು, ಆಮೇಲೆ ನಿಧಾನಕ್ಕೆ ಹಳ್ಳಗಳಿಗೆ ಬಿಡೋದು ಅದೇ ನೆಲ. ಆ ಹಳ್ಳಗಳು ಭದ್ರೆ ಸೇರಿ ಭದ್ರಾವತಿ ಊರೊಳಗೇ ಹರಿದು ಬರ್ತವೆ. ಬೆಟ್ಟದಿಂದ ನಮಗೆ ಬೇಕಾದದ್ದು ತಾನಾಗೇ ಇಳಿದು ಬರುತ್ತಿದೆ. ಗಿಡವನ್ನೂ ಇಳಿಸಬೇಕಿಲ್ಲ.

ಹಾಗಾದ್ರೆ ಕುಂಸಿಯಂಥ ಊರಿನ ಅಂಗಳಕ್ಕೆ ಏನು? ನಮ್ಮ ಕುರುಚಲು ಕಾಡಿನ ಕೇಪಳ ಇದೆ, ಕೆಂಪು ಗೊಂಚಲು ಹೂವಿನದ್ದು. ಕಡ್ಡಿ ನೆಟ್ಟರೆ ಬರುತ್ತೆ. ನೇರಳೆ ಬಣ್ಣದ ಹೂ ಬಿಡೋ ನೆಕ್ಕರಿಕ ಇದೆ. ಅದರ ಹಣ್ಣು ತಿಂದ ಮಕ್ಕಳ ಬಾಯಿ ಕಪ್ಪಾಗುತ್ತೆ. ಅದರ ವೈಜ್ಞಾನಿಕ ಹೆಸರು ಮೆಲಸ್ಟೋಮ ಅಂದ್ರೂ ಗ್ರೀಕಿನಲ್ಲಿ 'ಕಪ್ಪು ಬಾಯಿ' ಅಂತಲೇ ಅರ್ಥ! ನಮ್ಮ ಜಂಬಿಟ್ಟಿಗೆ ಮಣ್ಣು, ನಮ್ಮ ಮಳೆ ಎರಡಕ್ಕೂ ಸಾಕು. ಮಳೆಗಾಲ ಹಿಡಿದ ಕೂಡಲೇ ನೆಡಿ. ಕುರಿಂಜಿ ನೋಡೋಕೆ ಮಾತ್ರ 2034ಕ್ಕೆ ರಜೆ ಉಳಿಸಿಕೊಂಡು ಬೆಟ್ಟ ಹತ್ತಿ, ಬರಿಗೈಲಿ ಇಳಿದು ಬನ್ನಿ.